ಎಲ್ಲಿ ಸಿಕ್ತು, ಮೇಷ್ಟ್ರೇ?

(ಮೈಸೂರಿನಲ್ಲಿ ಗೆಳೆಯರ ಬಳಗವೊಂದರ ಭಾನುವಾರದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಪುನರುಕ್ತಿಗಳನ್ನು ತೆಗೆದಿದ್ದೇನೆ. ಕೊನೆಯ ಪ್ರಶ್ನೋತ್ತರದಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೆಟಲ್ ಡಿಟೆಕ್ಟರ್ ಅಂದ ಕೂಡಲೇ ನಮ್ಮ ಕಡೆ ಕೇಳುವ ಮೊದಲ ಪ್ರಶ್ನೆ, "ನಿಧಿ ಸಿಕ್ತಾ?" ನಾನು ಮಣಿಪುರಕ್ಕೆ ಹೋಗಿಬಂದ ಸುದ್ದಿ ಬೀದಿಯಲ್ಲಿ ಹಬ್ಬಿದ ಮೇಲೆ ದಿನಸಿ ಅಂಗಡಿಯವರು ಸಕ್ಕರೆ ಕಟ್ಟುತ್ತಾ, ದನಿ ಇಳಿಸಿ, "ಸಾರ್, ನಮ್ಮ ಹಳೇ ಮನೆ ಹಿತ್ತಿಲಲ್ಲಿ ಒಂದ್ಸಲ ಆಡಿಸ್ತೀರಾ?" ಅಂದರು. ಅವರನ್ನು ನೋಡಿ ನಗುವ ಹಾಗಿಲ್ಲ. ನಂದಿಯ ಬುಡ, ಹಾಳು ಗುಡಿಯ ಗರ್ಭಗುಡಿ ಅಗೆದು ಸಿಕ್ಕಿಬಿದ್ದವರ ಸುದ್ದಿಯನ್ನು ಪತ್ರಿಕೆಯಲ್ಲಿ ಓದುತ್ತಲೇ ಬೆಳೆದವರು ನಾವು. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ: ನಾಲ್ಕು ದಿನ ಗುಡ್ಡದ ಮೇಲೆ ಮಂಡಿಯೂರಿ ಕೂತು ನಾನು ಸಂಪಾದಿಸಿದ್ದು ಮುಳ್ಳುತಂತಿಯ ಚೂರು, ತುಕ್ಕು ಹಿಡಿದ ತಗಡಿನ ಡಬ್ಬಿ, ಗುಂಡು ಹಾರಿ ಉಳಿದ ಒಂದಷ್ಟು ಖಾಲಿ ತೋಟಾ, ಆಮೇಲೆ ಸೊಂಟನೋವು. ಗುಜರಿಯವನೂ ಮೂಸಿ ನೋಡದಂಥ ಸಾಮಾನು.

ಹೋಗಿದ್ದು 2020ರ ಫೆಬ್ರವರಿಯಲ್ಲಿ. ಸಾಗರದಲ್ಲಿ ನನ್ನ ಹತ್ತಿರ ಭೌತಶಾಸ್ತ್ರ ಓದಿದ ಹುಡುಗನೊಬ್ಬ ಡಾಕ್ಟರಾಗಿ ಇಂಫಾಲ ಸೇರಿದವನು, ಅಲ್ಲಿಯ ಹುಡುಗಿಯನ್ನೇ ಮದುವೆಯಾಗಿ ಉಳಿದುಕೊಂಡ. ಅವನ ಮಾವ ನಿವೃತ್ತ ಶಾಲಾ ಮಾಸ್ತರರು. ನಾವಿಬ್ಬರೂ ಒಂದೇ ಜಾತಿ ಅಂದೆ, ಮೇಷ್ಟ್ರ ಜಾತಿ! ಮಾವನವರಿಗೆ ಒಂದೇ ಗೀಳು, ಜಪಾನ್ ಲಾನ್. ಮಣಿಪುರಿಯಲ್ಲಿ ಲಾನ್ ಅಂದರೆ ಯುದ್ಧ. ನಾವು ಎರಡನೇ ಮಹಾಯುದ್ಧ ಅನ್ನುವುದನ್ನು ಅಲ್ಲಿಯ ಜನ ಜಪಾನ್ ಲಾನ್ ಅನ್ನುತ್ತಾರೆ. ಜರ್ಮನಿ, ಹಿಟ್ಲರ್ ಎಲ್ಲ ಅವರಿಗೆ ದೂರದ ಮಾತು. ಯುದ್ಧ ಬಂದದ್ದು ಬರ್ಮಾದ ಕಡೆಯಿಂದ, ಅವರ ಗದ್ದೆಯೊಳಕ್ಕೆ.

ನಾನು ಹೋಗುವ ಹೊತ್ತಿಗೆ ಮಣಿಪುರದಲ್ಲಿ ಇನ್ನರ್ ಲೈನ್ ಪರ್ಮಿಟ್ ಬಂದು ಒಂದೇ ತಿಂಗಳಾಗಿತ್ತು. 1873ರ ಬ್ರಿಟಿಷ್ ಕಾಲದ ನಿಯಮ ಅದು. 2019ರ ಡಿಸೆಂಬರಿನಲ್ಲಿ ಅದನ್ನು ಮಣಿಪುರಕ್ಕೂ ವಿಸ್ತರಿಸಿದರು. ಅಂದರೆ ಭಾರತದವರೇ ಆದ ನಾವು ಕೂಡ ಹೆಸರು, ವಿಳಾಸ, ಎಷ್ಟು ದಿನ ಇರುತ್ತೀರಿ ಅಂತ ಬರೆಸಿ ಚೀಟಿ ಪಡೆದೇ ಒಳಗೆ ಹೋಗಬೇಕು. ವಿದೇಶಿಯರಿಗಾದರೆ ಬೇರೆಯೇ ಪರ್ಮಿಟ್ಟು. ಅದನ್ನು ಕೆಲವು ವರ್ಷ ಸಡಿಲ ಮಾಡಿದ್ದರು, 2024ರ ಡಿಸೆಂಬರಿನಲ್ಲಿ ಮತ್ತೆ ಬಿಗಿ ಮಾಡಿದ್ದಾರೆ.

ಈಗ ಸ್ವಲ್ಪ ಇತಿಹಾಸ. ಬೇಗ ಮುಗಿಸುತ್ತೇನೆ. 1944ರ ಮಾರ್ಚಿನಲ್ಲಿ ಜಪಾನಿನ 15ನೇ ಸೇನೆ, ಜನರಲ್ ಮುತಾಗುಚಿಯ ಕೈಕೆಳಗೆ, ಚಿಂದ್ವಿನ್ ನದಿ ದಾಟಿ ಇಂಫಾಲ ಮತ್ತು ಕೊಹಿಮಾದ ಮೇಲೆ ಬಂತು. ಮೂರು ಡಿವಿಷನ್, ಸುಮಾರು 85,000 ಜನ. ಜತೆಗೆ ಸುಭಾಷರ ಆಜಾದ್ ಹಿಂದ್ ಫೌಜು. ಎದುರಿಗೆ ಜನರಲ್ ಸ್ಲಿಮ್‌ನ 14ನೇ ಸೇನೆ, ಅದರಲ್ಲಿ ಹೆಚ್ಚಿನವರು ಭಾರತೀಯರೇ. ಎರಡೂ ಕಡೆ ನಮ್ಮವರು, ಇದನ್ನು ಮರೆಯಬೇಡಿ. ಮುತಾಗುಚಿಯ ಲೆಕ್ಕ ಏನಪ್ಪಾ ಅಂದರೆ, ಮೂರು ವಾರದ ಊಟ ಹೊತ್ತುಕೊಂಡು ಹೋಗೋಣ, ಇಂಫಾಲ ಗೆದ್ದು ಅಲ್ಲಿಯ ಉಗ್ರಾಣದಲ್ಲೇ ಉಣ್ಣೋಣ. ಸಾಲದೆ ಬಂದರೆ ಕೊಯ್ದು ತಿನ್ನಲು ದನಗಳ ಹಿಂಡನ್ನೂ ಹೊಡೆದುಕೊಂಡು ಹೊರಟರು. ಕಡಿದಾದ ಗುಡ್ಡ, ಕಾಡು, ಹೊಳೆ. ದಾರಿಯಲ್ಲೇ ಹೆಚ್ಚಿನ ದನ ಸತ್ತವು. ಇಂಫಾಲ ಬೀಳಲಿಲ್ಲ. ಮಾರ್ಚ್ ಕೊನೆಗೆ ಕಡಿದುಹೋದ ಕೊಹಿಮಾ ರಸ್ತೆ ಜೂನ್ 22ಕ್ಕೆ ತೆರೆಯುವವರೆಗೆ ಬ್ರಿಟಿಷರು ಊಟ, ಮದ್ದುಗುಂಡು ಎಲ್ಲವನ್ನೂ ವಿಮಾನದಲ್ಲಿ ತಂದು ಸುರಿದರು. ಜುಲೈಯಲ್ಲಿ ಜಪಾನೀಯರು ಮಳೆಯಲ್ಲಿ ತಿರುಗಿ ಹೊರಟಾಗ ಗುಂಡಿಗಿಂತ ಹಸಿವು, ಮಲೇರಿಯಾ, ಆಮಶಂಕೆಗಳೇ ಹೆಚ್ಚು ಜನರನ್ನು ತಿಂದವು. ಸತ್ತವರು ಸುಮಾರು 30,000. ಆ ದಾರಿಗೆ ಅವರೇ ಇಟ್ಟ ಹೆಸರು, ಬಿಳಿ ಮೂಳೆಗಳ ದಾರಿ.

ಇಂಫಾಲದಿಂದ ಬರ್ಮಾ ಗಡಿಯ ಮೋರೆ ಎಂಬ ಊರಿಗೆ 110 ಕಿಲೋಮೀಟರ್. ಮೊದಲ 45 ಕಿಲೋಮೀಟರ್ ಗದ್ದೆಬಯಲು. ಪಲ್ಲೇಲ್ ಊರಿನ ಹತ್ತಿರ ಬಯಲು ಮುಗಿದು ಒಮ್ಮೆಲೇ ಘಾಟಿ ಏರುತ್ತದೆ. ಪಲ್ಲೇಲಿನಲ್ಲಿ ಆಗ ವಿಮಾನದ ನೆಲೆಯಿತ್ತು, ಮಳೆಗಾಲದಲ್ಲೂ ವಿಮಾನ ಇಳಿಯುವಂಥದು. ಆದ್ದರಿಂದ ಘಾಟಿಯ ಮೇಲಿನ ಶೆನಾಮ್ ಎಂಬ ಕಣಿವೆಬಾಯಿ ಯಾರ ಕೈಯಲ್ಲಿದೆಯೋ ಅವರ ಕೈಗೆ ಬಯಲು. ಜಪಾನೀಯರ ಟ್ಯಾಂಕು, ಭಾರಿ ಫಿರಂಗಿಗಳು ಬಂದದ್ದೂ ಈ ರಸ್ತೆಯಲ್ಲೇ. ಏಪ್ರಿಲಿನಿಂದ ಜುಲೈವರೆಗೆ ರಸ್ತೆಯ ಪಕ್ಕದ ಒಂದೊಂದು ದಿಬ್ಬಕ್ಕೂ ಹೊಡೆದಾಟ. ದಿಬ್ಬಗಳಿಗೆ ಸಿಪಾಯಿಗಳು ಇಟ್ಟ ಹೆಸರು ನೋಡಿ: ನಿಪ್ಪಾನ್ ಹಿಲ್, ಕ್ರೀಟ್, ಮಾಲ್ಟಾ, ಜಿಬ್ರಾಲ್ಟರ್, ಸ್ಕ್ರ್ಯಾಗಿ. ನಿಪ್ಪಾನ್ ಹಿಲ್ ಒಂದನ್ನೇ ಏಪ್ರಿಲ್ ತಿಂಗಳೊಂದರಲ್ಲೇ ಜಪಾನೀಯರು ಹಿಡಿದರು, ಬ್ರಿಟಿಷರು ಕಿತ್ತುಕೊಂಡರು, ಜಪಾನೀಯರು ಮತ್ತೆ ಹಿಡಿದರು. ಸ್ಕ್ರ್ಯಾಗಿಯಲ್ಲಂತೂ ಎರಡು ಕಡೆಯ ಕಂದಕಗಳ ನಡುವೆ ಕೆಲವೇ ಮಾರು ಜಾಗ.

ನಮ್ಮ ಜೀಪು ಘಾಟಿಯಲ್ಲಿ ಒಂದು ಚೆಕ್‌ಪೋಸ್ಟಿನಲ್ಲಿ ನಿಂತಿತು. ಹಿಂದುಗಡೆ ಡಿಟೆಕ್ಟರ್, ಸಲಿಕೆ, ಕರಣೆ. ಗಡಿಯ ರಸ್ತೆ, ಆಗಾಗ ಬಾಂಬ್ ಸಿಡಿಯುವ ರಸ್ತೆ. ಅಲ್ಲಿ ಹೋಗಿ "ನೆಲ ಹುಡುಕಲಿಕ್ಕೆ ಬಂದಿದ್ದೇವೆ" ಅಂದರೆ ಯಾರು ನಂಬುತ್ತಾರೆ? ಹಳ್ಳಿಯ ಮುಖ್ಯಸ್ಥರ ಒಪ್ಪಿಗೆ ಪತ್ರ, ಠಾಣೆಗೆ ಕೊಟ್ಟ ಅರ್ಜಿಯ ಪ್ರತಿ ಎಲ್ಲ ಮಾವನವರ ಕಡತದಲ್ಲಿತ್ತು. ಆದರೂ ಮುಕ್ಕಾಲು ಗಂಟೆ ಹಿಡಿಯಿತು. ನನ್ನ ಆಧಾರ್ ಕಾರ್ಡು ನೋಡುತ್ತಿದ್ದ ಜವಾನನೊಬ್ಬ ತಲೆ ಎತ್ತಿ, "ಶಿವಮೊಗ್ಗಾದವರೇನ್ರಿ ಸರ?" ಅಂದ. ನನಗೆ ಎದೆ ತಂಪಾಯಿತು. ಗೋಕಾಕದ ಕಡೆಯ ಹುಡುಗ. ನಮ್ಮ ಮಿಷನ್ ತಿರುಗಿಸಿ ಮುರುಗಿಸಿ ನೋಡಿ, "ಇಂಥಾದ್ದು ನಮ್ಮ ಕಡೀನೂ ಐತ್ರಿ. ದಿನಾ ಮುಂಜಾನೆ ರಸ್ತಾ ತುಂಬಾ ಆಡಿಸ್ಕೋತ ಹೋಗ್ತೀವಿ. ನೀವು ಸಪ್ಪಳ ಬಂದ್ರ ಖುಷಿ ಪಡ್ತೀರಿ, ನಾವು ಬರ್ದಿದ್ರ ಖುಷಿ ಪಡ್ತೀವಿ" ಅಂದ. ಆಮೇಲೆ, "ಗುಂಡಗ ಏನರ ಕಂಡ್ರ ಮುಟ್ಟಬ್ಯಾಡ್ರಿ ಸರ, ವಯಸ್ಸಾದವರು ನೀವು." ವಯಸ್ಸಿಗೂ ಬಾಂಬಿಗೂ ಏನು ಸಂಬಂಧವೋ! ಆದರೆ ಆ ಮಾತಿಗೆ ಎರಡು ದಿನದ ಮೇಲೆ ಬೆಲೆ ಬಂತು, ಹೇಳುತ್ತೇನೆ.

ಮಿಷನ್ ಕೆಲಸ ಮಾಡುವ ಬಗೆ ಸರಳ. ಕೋಲಿನ ತುದಿಯ ತಟ್ಟೆಯಲ್ಲಿ ತಂತಿಯ ಸುರುಳಿ. ಅದರಲ್ಲಿ ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುವ ವಿದ್ಯುತ್ ಹರಿಯುತ್ತದೆ. ಕೆಳಗೆ ಲೋಹ ಇದ್ದರೆ ಅದರೊಳಗೆ ಸುಳಿ ಪ್ರವಾಹ ಏಳುತ್ತದೆ, ಅದರ ಕಾಂತಕ್ಷೇತ್ರವನ್ನು ಇನ್ನೊಂದು ಸುರುಳಿ ಹಿಡಿಯುತ್ತದೆ, ಕಿವಿಗೆ ಸದ್ದು. ಫೋನು ಕಂಡುಹಿಡಿದ ಗ್ರಹಾಂ ಬೆಲ್ 1881ರಲ್ಲೇ ಇಂಥದೊಂದನ್ನು ಮಾಡಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್ ಮೈಯೊಳಗಿನ ಗುಂಡು ಹುಡುಕಲು ಹೋದ, ಸಿಗಲಿಲ್ಲ. ಕೈಯಲ್ಲಿ ಹಿಡಿದು ಓಡಾಡುವ ಮಿಲಿಟರಿ ಡಿಟೆಕ್ಟರನ್ನು ಮಾಡಿದವನು ಪೋಲೆಂಡಿನ ಕೊಸಾಟ್ಸ್ಕಿ ಎಂಬ ಎಂಜಿನಿಯರು. 1942ರಲ್ಲಿ ಎಲ್ ಅಲಮೇನ್ ಮರುಭೂಮಿಯಲ್ಲಿ ನೆಲಬಾಂಬು ತೆಗೆಯಲು ಅದನ್ನು ಬಳಸಿದರು. ಅಂದರೆ ಇದು ಯುದ್ಧದಲ್ಲೇ ಬೆಳೆದ ಉಪಕರಣ. ಈಗ ಯುದ್ಧದ ಕಸ ಹುಡುಕುತ್ತದೆ.

ಪೇಟೆಯಲ್ಲಿ ಸಿಗುವ ಮಿಷನ್ನು ತೋಟಾದಂಥ ಸಣ್ಣ ವಸ್ತುವನ್ನು ಒಂದು ಗೇಣಿಗಿಂತ ಆಳದಲ್ಲಿ ಹಿಡಿಯುವುದು ಕಷ್ಟ. ದೂರ ಎರಡರಷ್ಟಾದರೆ ಸದ್ದು ಅರ್ಧ ಆಗುವುದಲ್ಲ, 64ರಲ್ಲಿ ಒಂದು ಪಾಲಿಗೆ ಇಳಿದುಬಿಡುತ್ತದೆ. ಕ್ಲಾಸಿನಲ್ಲಿ ಇದನ್ನು ಸೂತ್ರ ಬರೆದು ಹೇಳಿದ್ದಕ್ಕಿಂತ ಅಲ್ಲಿ ಬೆರಳಗಲ ಮಣ್ಣು ಕೆರೆದಾಗ ಚೆನ್ನಾಗಿ ಅರ್ಥವಾಯಿತು. ಇನ್ನು ಮಣ್ಣಿನಲ್ಲೇ ಕಬ್ಬಿಣದ ಅಂಶ ಇದ್ದರೆ ಮಿಷನ್ನು ಸುಮ್ಮಸುಮ್ಮನೆ ಗೊಣಗುತ್ತದೆ. ನಮ್ಮ ಕರಾವಳಿಯ ಮುರಕಲ್ಲಿನ ನೆಲದಲ್ಲಿ ಆಡಿಸಿ ನೋಡಿ, ತಲೆ ಕೆಟ್ಟುಹೋಗುತ್ತದೆ. ಮಾವನವರು ಹೆಡ್‌ಫೋನು ಹಾಕಿಕೊಂಡು ಕಣ್ಣು ಮುಚ್ಚಿ, ತಟ್ಟೆಯನ್ನು ನೆಲಕ್ಕೆ ತಾಗಿಯೂ ತಾಗದ ಹಾಗೆ ಅತ್ತಿಂದಿತ್ತ ಆಡಿಸುತ್ತಿದ್ದರು. ಕಬ್ಬಿಣಕ್ಕೆ ದಪ್ಪ ದನಿ, ಹಿತ್ತಾಳೆಗೆ ಸಣ್ಣ ದನಿ. ಸಂಗೀತ ಕೇಳುವವರ ಮುಖ.

ಅವರ ಕಟ್ಟುಪಾಡು ಮೂರು. ಗೇಣಿಗಿಂತ ಆಳ ಅಗೆಯುವ ಹಾಗಿಲ್ಲ. ಮೂಳೆ ಕಂಡರೆ ಅಲ್ಲಿಗೆ ಕೆಲಸ ನಿಲ್ಲಿಸಿ ಮಣ್ಣು ಮುಚ್ಚಿ ತಿಳಿಸಬೇಕಾದವರಿಗೆ ತಿಳಿಸಬೇಕು. ಮೂರನೆಯದು, ವಸ್ತು ನೆಲದಿಂದ ಮೇಲೇಳುವ ಮೊದಲು ಅದರ ಜಾಗ ಪುಸ್ತಕಕ್ಕೆ ಏರಬೇಕು. ಉದ್ದ ರಿಜಿಸ್ಟರು, ಶಾಲೆಯ ಹಾಜರಿ ಪುಸ್ತಕದ ಥರದ್ದು. ದಿನಾಂಕ, ವಸ್ತು, ಗುಡ್ಡ, ಯಾವ ಕಲ್ಲಿನಿಂದ ಎಷ್ಟು ಹೆಜ್ಜೆ, ಎಷ್ಟು ಬೆರಳು ಆಳ, ಬಾಯಿ ಯಾವ ದಿಕ್ಕಿಗೆ. ಖಾಲಿ ತೋಟಾದ ಬಾಯಿಗೆಂಥಾ ದಿಕ್ಕು ಅಂತ ಮೊದಲ ದಿನ ನನಗೆ ಒಳಗೊಳಗೇ ನಗು.

ತೋಟಾ ಅಂದೆ. ನಮ್ಮ ಮಲೆನಾಡಿನಲ್ಲಿ ತೋಟಾ ಕೋವಿ, ಕೇಪಿನ ಕೋವಿ ಅಂತೀವಲ್ಲ, ಅದೇ. ಗುಂಡು ಹಾರಿದ ಮೇಲೆ ಉಳಿಯುವ ಹಿತ್ತಾಳೆಯ ಕೊಳವೆ. ಬ್ರಿಟಿಷ್-ಭಾರತೀಯ ಸೇನೆಯದು 303, ಅಂದರೆ 0.303 ಇಂಚಿನ ಬಂದೂಕಿನದು. ಬುಡದಲ್ಲಿ ಹೊರಚಾಚಿದ ಅಂಚು, ಅದರ ಮೇಲೆ ಅಕ್ಷರ ಕೊರೆದಿರುತ್ತಾರೆ. ಒಂದನ್ನು ಅಂಗೈಯಲ್ಲಿಟ್ಟು ನೀರು ಹಾಕಿ ಹೆಬ್ಬೆರಳಿನಿಂದ ತಿಕ್ಕಿದೆ. ಹಸಿರು ಕಿಲುಬಿನ ಕೆಳಗೆ ಮೊದಲು ಬಾಣದ ಗುರುತು, ಅದರ ಎರಡು ಬದಿಗೆ ಕೆ, ಎಫ್, ಆಮೇಲೆ ವರ್ಷ, 1943. ಪುಣೆ ಪಕ್ಕದ ಖಡಕಿ ಕಾರ್ಖಾನೆಯ ಮಾಲು! ಅಲ್ಲಿ ಯಾವ ಕೆಲಸಗಾರನೋ ಅಚ್ಚೊತ್ತಿದ್ದು, ಮುಂದಿನ ವರ್ಷವೇ ಬರ್ಮಾ ಗಡಿಯ ಗುಡ್ಡದಲ್ಲಿ ಖರ್ಚಾಗಿದೆ. ಜಪಾನೀಯರ ಆರೂವರೆ ಮಿಲಿಮೀಟರಿನ ತೋಟಾ ಇದಕ್ಕಿಂತ ಸಪೂರ. ಅದರ ಬುಡದಲ್ಲಿ ಸಾಮಾನ್ಯವಾಗಿ ಏನೂ ಬರೆದಿರುವುದಿಲ್ಲ, ಬೋಳು.

ಎರಡನೇ ದಿನ ಸ್ಕ್ರ್ಯಾಗಿಯ ಮೇಲ್ಭಾಗದ ಒಂದು ತಗ್ಗಿನ ಹತ್ತಿರ ಕೆಲಸ. ಕಂದಕ ಅಂದರೆ ಈಗ ಕಾಣುವುದು ಅಷ್ಟೇ, ಜರಿಗಿಡದ ಕೆಳಗೆ ನೆಲ ಸ್ವಲ್ಪ ಕುಸಿದ ಗೆರೆ. ಅಲ್ಲಿ ಒಂದು ಮೊಳ ಜಾಗದೊಳಗೆ ಹನ್ನೊಂದು 303, ಜತೆಗೆ ಐದೈದು ತೋಟಾ ಹಿಡಿಸುವ ತಗಡಿನ ಎರಡು ಕ್ಲಿಪ್ಪು. ಹನ್ನೊಂದೂ ತಗ್ಗಿನ ಬಲಕ್ಕೆ. ಬೋಲ್ಟ್ ಎಳೆದರೆ ಕೊಳವೆ ಹಾರುವುದು ಬಲಕ್ಕೆ. ಅಂದಮೇಲೆ ಆತ ಕೂತದ್ದು ಇಲ್ಲಿ, ನೋಡಿದ್ದು ಆ ಕಡೆ. ಮಾವನವರು ಅದೇ ಜಾಗದಲ್ಲಿ ಮಂಡಿಯೂರಿ ಕೂತು ಕೋಲನ್ನು ಬಂದೂಕಿನ ಹಾಗೆ ಹಿಡಿದು ತೋರಿಸಿದರು. ಅವರು ಗುರಿ ಇಟ್ಟ ಕಡೆ ಇಳಿದು ಹೋದೆವು. ಇಪ್ಪತ್ತಮೂರು ಹೆಜ್ಜೆಗೆ ಬೋಳು ಬುಡದ ತೋಟಾಗಳು, ಐದು. ಈ ಸಭಾಂಗಣದ ಹಿಂದಿನ ಸಾಲಿನಿಂದ ನಾನು ನಿಂತಿರುವ ಜಾಗಕ್ಕೆ ಎಷ್ಟಿದೆಯೋ ಹೆಚ್ಚು ಕಡಿಮೆ ಅಷ್ಟೇ. ಹಿಂದೆ ಕೂತವರ ಕೆಮ್ಮು ನನಗೆ ಕೇಳಿಸುತ್ತಿದೆ.

ಆ ಐದು, ಈ ಹನ್ನೊಂದು ಒಂದೇ ರಾತ್ರಿಯವು ಅಂತ ಹೇಳಲಾಗದು. ತಿಂಗಳುಗಟ್ಟಲೆ ನಡೆದ ಕಾದಾಟ. ಅದರ ಮೇಲೆ ಎಪ್ಪತ್ತಾರು ಮಳೆಗಾಲ. ಜತೆಗೆ ಹಿತ್ತಾಳೆಗೆ ಬೆಲೆ ಬಂದಾಗಲೆಲ್ಲ ಜನ ಆರಿಸಿದ್ದಾರೆ, ಅದು ತಪ್ಪಲ್ಲ, ಯುದ್ಧ ಅವರ ಗದ್ದೆ ಹಾಳುಮಾಡಿದ್ದಕ್ಕೆ ಬಂದ ಪರಿಹಾರ ಅಷ್ಟೇ ಅನ್ನಿ. ಚಹಾ ಕುಡಿದ ಹಳ್ಳಿಯಲ್ಲಿ ಫಿರಂಗಿ ಗುಂಡಿನ ಖಾಲಿ ಕವಚ ಇಗರ್ಜಿಯ ಎದುರು ತೂಗುಬಿದ್ದಿತ್ತು. ಕಬ್ಬಿಣದ ಸರಳಿನಿಂದ ಬಡಿದರೆ ಅದೇ ಗಂಟೆ. ದನಿ ಬಹಳ ಚೆನ್ನಾಗಿತ್ತು.

ಮೂರನೇ ದಿನ ಗೋಕಾಕದ ಹುಡುಗನ ಮಾತು ಬಂತು. ದಪ್ಪ ದನಿ, ಗಟ್ಟಿ ದನಿ. ನನ್ನ ಶಿಷ್ಯ ಕರಣೆಯಿಂದ ಮಣ್ಣು ಸವರಿದ. ಕಬ್ಬಿಣದ ಮೈ ಮೇಲೆ ಸೀತಾಫಲದ ಹಾಗೆ ಚೌಕ ಚೌಕ ಗೆರೆ. ಮಿಲ್ಸ್ ಬಾಂಬ್, ಕೈಯಿಂದ ಎಸೆಯುವ ಗ್ರೆನೇಡು. ಅವನ ಕೈ ಅಲ್ಲೇ ನಿಂತಿತು. ಎಲ್ಲರೂ ಬಂದ ಹೆಜ್ಜೆಯಲ್ಲೇ ಹಿಂದಕ್ಕೆ. ಈ ಮಾದರಿಯದು ಮೊದಲ ಮಹಾಯುದ್ಧದಲ್ಲಿ ಮೆಸೊಪೊಟೇಮಿಯಾಕ್ಕೆಂದು, ತೇವ ಒಳಗಿಳಿಯದ ಹಾಗೆ ಅರಗು ಬಳಿದು ಮಾಡಿದ ಗ್ರೆನೇಡಿನ ಸಂತತಿ. ಹಳತಾಯಿತು, ಸತ್ತಿರುತ್ತದೆ ಅನ್ನುವ ಹಾಗಿಲ್ಲ. ಹೊರಗಿನ ಪಿನ್ನು ತುಕ್ಕು ಹಿಡಿದು ಉದುರಿ, ಒಳಗಿನ ಮದ್ದು ಮಾತ್ರ ಒಣಗಿ ಕೂತಿರಬಹುದು. ಗೂಟ ನೆಟ್ಟು ಕೆಂಪು ಬಟ್ಟೆ ಕಟ್ಟಿ, ಹಳ್ಳಿಯವರಿಗೂ ಠಾಣೆಗೂ ಹೇಳಿ ಇಳಿದೆವು. ಆ ಇಳಿಜಾರಿನ ಕೆಲಸ ಅಲ್ಲಿಗೆ ಮುಗಿಯಿತು. ನಿಮ್ಮಲ್ಲಿ ಯಾರಿಗಾದರೂ ಈ ಹವ್ಯಾಸದ ಆಸೆ ಹುಟ್ಟಿದ್ದರೆ ಈ ಗೆರೆ ಗೆರೆ ಸೀತಾಫಲವನ್ನು ನೆನಪಿಡಿ.

ಮಿಷನ್ನಿಗೆ ಕೇಳಿಸದ್ದೂ ಇದೆ. ಬ್ರಿಟಿಷ್ ಸೇನೆಯವರ ಕೊರಳಲ್ಲಿ ಹೆಸರು, ನಂಬರು ಇರುವ ಬಿಲ್ಲೆ ಇರುತ್ತಿತ್ತು. ಸಿನಿಮಾದಲ್ಲಿ ಕಾಣುವುದು ಲೋಹದ್ದು. ಇವರದು ಒತ್ತಿದ ನಾರಿನ ಬಿಲ್ಲೆ. ನೆಲದ ಕೆಳಗೆ ಇದ್ದರೂ ಡಿಟೆಕ್ಟರ್ ಮೂಕ. ಜಪಾನೀಯರ ಬಿಲ್ಲೆ ಹಿತ್ತಾಳೆಯದು, ಮಿಷನ್ನು ಕೂಗಿ ಕರೆಯುತ್ತದೆ, ಆದರೆ ಸಾಮಾನ್ಯ ಸಿಪಾಯಿಯ ಬಿಲ್ಲೆಯಲ್ಲಿ ದಳದ ಸಂಖ್ಯೆ, ಅವನ ಸಂಖ್ಯೆ ಅಷ್ಟೇ, ಹೆಸರಿಲ್ಲ. ಹೆಸರಿದ್ದದ್ದು ಸದ್ದು ಮಾಡುವುದಿಲ್ಲ, ಸದ್ದು ಮಾಡುವುದಕ್ಕೆ ಹೆಸರಿಲ್ಲ.

ಈಗ ನನ್ನ ತಪ್ಪೊಪ್ಪಿಗೆ. ಅದೇ ಎರಡನೇ ದಿನ ಮಧ್ಯಾಹ್ನ ಬುತ್ತಿ ಉಂಡು ಒಬ್ಬನೇ ಸ್ವಲ್ಪ ಅತ್ತ ಹೋಗಿದ್ದೆ, ಯಾಕೆ ಅಂತ ಹೇಳಬೇಕಾಗಿಲ್ಲ. ಬರುವಾಗ ಕಾಲ ಬುಡದಲ್ಲಿ ಹಸಿರಗೆ ಏನೋ. ಬಗ್ಗಿ ಎತ್ತಿದೆ, ಒಂದು ತೋಟಾ. ಜೇಬಿಗೆ ಹಾಕಿಕೊಂಡೆ. ಮೊಮ್ಮಗನಿಗೆ ಕೊಡೋಣ ಅಂತಲೋ, ಅಷ್ಟು ದೂರ ಹೋಗಿ ಬರಿಗೈಲಿ ಬರುವುದೇ ಅಂತಲೋ. ಸಂಜೆ ಮನೆಯಲ್ಲಿ ಕರವಸ್ತ್ರ ತೆಗೆಯುವಾಗ ಅದು ಟಣ್ ಅಂತ ನೆಲಕ್ಕೆ ಬಿತ್ತು. ಮಾವನವರು ಎತ್ತಿ ದೀಪದ ಹತ್ತಿರ ಹಿಡಿದರು. ಬೋಳು ಬುಡ, ಜಪಾನೀಯರದು. ಅವರ ಕಣ್ಣು ಅರಳಿತು, ಅಳಿಯನಿಗೆ ಏನೋ ಕೇಳಿದರು. ಶಿಷ್ಯ ನನ್ನ ಕಡೆ ತಿರುಗಿ, "ಎಲ್ಲಿ ಸಿಕ್ತು, ಮೇಷ್ಟ್ರೇ?"

"ದಾರೀಲಿ."

"ಯಾವ ದಾರೀಲಿ? ಮೇಲಿನ ಕಂದಕದ ಹತ್ರನಾ, ಕೆಳಗಡೇನಾ?"

ನನಗೆ ನೆನಪಿರಲಿಲ್ಲ. ಕೆಳಗಡೆಯದಾದರೆ ಅದು ಆರನೆಯದು, ಅಷ್ಟೇ. ಮೇಲಿನ ಕಂದಕದ್ದಾದರೆ, ಜಪಾನೀಯನೊಬ್ಬ ಆ ಇಪ್ಪತ್ತಮೂರು ಹೆಜ್ಜೆ ದಾಟಿ ಬಂದು 303ನವರ ಕಂದಕದೊಳಗಿಂದಲೇ ಗುಂಡು ಹಾರಿಸಿದ್ದಾನೆ. ಆ ಗೆರೆ ಕೈ ಬದಲಾಗಿತ್ತೋ ಇಲ್ಲವೋ ಎಂಬುದಕ್ಕೆ ಸಾಕ್ಷಿ ಆ ತೋಟಾ ಅಲ್ಲ, ಅದು ಬಿದ್ದಿದ್ದ ಜಾಗ. ಅದನ್ನು ನಾನು ಗುಡ್ಡದಲ್ಲೇ ಬಿಟ್ಟು ಬಂದಿದ್ದೆ. ಮೂವತ್ತು ವರ್ಷ ಪ್ರಯೋಗಾಲಯದಲ್ಲಿ ಹುಡುಗರಿಗೆ "ಮೊದಲು ಬರಕೋ, ಆಮೇಲೆ ಮುಟ್ಟು" ಅಂತ ಗದರಿದವನು! ಮಾವನವರು ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮಾತು ಮುಗಿಸುತ್ತೇನೆ. ಪ್ರಶ್ನೆಗಳಿದ್ದರೆ ಕೇಳಿ.

ಒಬ್ಬ ತಾಯಿ ಕೇಳಿದರು: ಇದನ್ನೇ ಶ್ರೀರಂಗಪಟ್ಟಣದಲ್ಲಿ ಮಾಡಬಹುದಲ್ಲ?

ದಯವಿಟ್ಟು ಬೇಡಮ್ಮ. ಸಂರಕ್ಷಿತ ಸ್ಮಾರಕದ ಸುತ್ತ ಅನುಮತಿ ಇಲ್ಲದೆ ಅಗೆಯುವುದು ಅಪರಾಧ. ಅಷ್ಟೇ ಅಲ್ಲ, ನೆಲದಲ್ಲಿ ಹುದುಗಿದ ನಿಧಿ ಸಿಕ್ಕರೆ ಕರ್ನಾಟಕದ 1962ರ ನಿಧಿ ಕಾಯ್ದೆಯ ಪ್ರಕಾರ ಜಿಲ್ಲಾಧಿಕಾರಿಗೆ ತಿಳಿಸಬೇಕು. ಅದಕ್ಕೂ ಹಿಂದಿನ 1878ರ ಬ್ರಿಟಿಷ್ ಕಾಲದ ಕಾಯ್ದೆಯಲ್ಲಿ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ಏನು ಸಿಕ್ಕರೂ ತಿಳಿಸಬೇಕು ಅಂತಿತ್ತು. ಹತ್ತು ರೂಪಾಯಿ! ಇವತ್ತು ಒಂದು ಲೋಟ ಕಾಫಿ ಬರುವುದಿಲ್ಲ. ನಮ್ಮ ಹೊಸನಗರ ತಾಲ್ಲೂಕಿನ ನಗರದಲ್ಲಿ, ಹಳೆಯ ಬಿದನೂರು, 2018ರಲ್ಲಿ ಪಾಳುಬಾವಿಯೊಂದರ ಹೂಳಿನಲ್ಲಿ ಟಿಪ್ಪು ಕಾಲದ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ಸಿಕ್ಕವು. ಹೂಳಿಗೆ ಮದ್ದಿನ ವಾಸನೆ ಇತ್ತಂತೆ. ಪುರಾತತ್ವ ಇಲಾಖೆಯವರು ನಿಂತು ತೆಗೆಸಿದ್ದರಿಂದ ಒಂದೇ ಬಾವಿಯಲ್ಲಿ, ಒಂದೇ ರಾಶಿಯಲ್ಲಿ ಇದ್ದವು ಎಂಬುದು ದಾಖಲಾಯಿತು. ಒಬ್ಬೊಬ್ಬರು ಒಂದೊಂದು ಮನೆಗೆ ಒಯ್ದಿದ್ದರೆ ಸಾವಿರ ಮನೆಯಲ್ಲಿ ಸಾವಿರ ಕಬ್ಬಿಣದ ಕೊಳವೆ ಇರುತ್ತಿದ್ದವು.

ಹಿಂದಿನ ಸಾಲಿನಿಂದ ಒಬ್ಬ ಹುಡುಗ ಕೇಳಿದ: ಆ ತೋಟಾ ಈಗ ನಿಮ್ಮ ಹತ್ರ ಇದೆಯಾ, ಸಾರ್?

ಇಲ್ಲಪ್ಪ. ಖಾಲಿ ತೋಟಾವನ್ನು ವಿಮಾನ ನಿಲ್ದಾಣಕ್ಕೆ ಒಯ್ದರೆ ಬ್ಯಾಗು ಬಿಚ್ಚಿಸಿ ಪೊಲೀಸರಿಗೇ ಒಪ್ಪಿಸುತ್ತಾರೆ. ಮಾವನವರ ಹತ್ತಿರವೇ ಇದೆ. ಅವರಿಗೀಗ ಆ ರಸ್ತೆಯಲ್ಲಿ ಹೋಗಲಾಗುವುದಿಲ್ಲ. 2023ರ ಮೇ ತಿಂಗಳ ಗಲಭೆಯ ಮೇಲೆ ಬಯಲಿನ ಮೈತೇಯಿ ಜನ ಕುಕಿಗಳ ಬೆಟ್ಟಕ್ಕೆ, ಬೆಟ್ಟದ ಕುಕಿ ಜನ ಬಯಲಿಗೆ ಹೋಗುವುದು ಹೆಚ್ಚು ಕಡಿಮೆ ನಿಂತಿದೆ. ಒಪ್ಪಿಗೆ ಪತ್ರ ಕೊಟ್ಟಿದ್ದ ಹಳ್ಳಿಯ ಮುಖ್ಯಸ್ಥರಿಗೂ ಇವರಿಗೂ ಫೋನಿನಲ್ಲೂ ಮಾತಿಲ್ಲವಂತೆ. ಮಾವನವರು ಮನೆಯಲ್ಲೇ ಕೂತು ಹಳೆಯ ರಿಜಿಸ್ಟರನ್ನು ನಕಲು ಮಾಡುತ್ತಿದ್ದಾರೆ. ಮೊನ್ನೆ ಶಿಷ್ಯ ಅದರ ಒಂದು ಪುಟದ ಫೋಟೊ ಕಳಿಸಿದ್ದ. ಚೊಕ್ಕ ಅಕ್ಷರ, ಸ್ಕೇಲಿಟ್ಟು ಎಳೆದ ಗೆರೆ. ನನ್ನ ತೋಟಾಕ್ಕೂ ಒಂದು ಸಾಲು ಕೊಟ್ಟಿದ್ದಾರೆ. ದಿನಾಂಕ ಇದೆ, ಅಳತೆ ಇದೆ, ತಂದವರು ಎಂಬಲ್ಲಿ ನನ್ನ ಹೆಸರಿದೆ. ಜಾಗದ ಕಾಲಮ್ಮಿನಲ್ಲಿ ಒಂದು ಅಡ್ಡಗೆರೆ.